ವಾಪಸ್ ಬರುವ ಪೆಟ್ಟಿಗೆಯ ಲೆಕ್ಕ: ಸೇನಾ ತರಬೇತಿಯ ಮದ್ದುಗುಂಡು ಪೂರೈಕೆ ಎಲ್ಲಿ ಸೋರುತ್ತದೆ

ಯುದ್ಧಕ್ಕೆ ಎಷ್ಟು ಮದ್ದುಗುಂಡು ಬೇಕಾದೀತು ಎಂಬುದನ್ನು ಯಾವ ಸೇನೆಯೂ ಖಚಿತವಾಗಿ ಹೇಳಲಾರದು. ಎದುರಾಳಿ ಯಾರು, ಕಾಳಗ ಎಷ್ಟು ದಿನ ನಡೆಯುತ್ತದೆ, ಎಂಥ ನೆಲದಲ್ಲಿ ನಡೆಯುತ್ತದೆ ಎಂಬುದೆಲ್ಲ ಊಹೆಯ ವಿಷಯ. ತರಬೇತಿಯ ಮದ್ದುಗುಂಡಿನ ಸಂಗತಿ ಹಾಗಲ್ಲ. ಯಾವ ತುಕಡಿ, ಯಾವ ತಿಂಗಳಲ್ಲಿ, ಯಾವ ಫೈರಿಂಗ್ ರೇಂಜಿನಲ್ಲಿ, ಯಾವ ಆಯುಧದಿಂದ, ತಲೆಗೆ ಎಷ್ಟು ಗುಂಡು ಹಾರಿಸಬೇಕು ಎಂಬುದು ತರಬೇತಿ ವರ್ಷ ಆರಂಭವಾಗುವ ಮೊದಲೇ ಕಾಗದದ ಮೇಲೆ ಇರುತ್ತದೆ. ಇಷ್ಟು ಮುಂಚಿತವಾಗಿ ಗೊತ್ತಿರುವ ಬೇಡಿಕೆಯನ್ನು ಪೂರೈಸುವುದು ಸುಲಭವಾಗಬೇಕಿತ್ತು. ಆದರೂ ಒಂದು ರೇಂಜಿನಲ್ಲಿ ಗುಂಡು ಬಾರದೆ ಅಭ್ಯಾಸ ಮುಂದೂಡುವುದು, ಇನ್ನೊಂದು ರೇಂಜಿನಿಂದ ಮಿಕ್ಕ ಪೆಟ್ಟಿಗೆಗಳು ಉಗ್ರಾಣಕ್ಕೆ ಮರಳುವುದು, ಇವೆರಡೂ ಒಂದೇ ಸೇನೆಯಲ್ಲಿ ಒಂದೇ ವಾರದಲ್ಲಿ ನಡೆಯಬಲ್ಲವು.

ಪೂರೈಕೆಯ ದಕ್ಷತೆ ಹೆಚ್ಚಿಸುವ ಮಾತು ಬಂದಾಗ ಸಾಮಾನ್ಯವಾಗಿ ಎಲ್ಲರ ಗಮನ ಹೋಗುವುದು ಲಾರಿಗಳ ಕಡೆಗೆ, ಗೋದಾಮಿನ ಯಾಂತ್ರೀಕರಣದ ಕಡೆಗೆ, ಹೊಸ ಸಾಫ್ಟ್‌ವೇರಿನ ಕಡೆಗೆ. ಅವುಗಳಿಂದ ಪ್ರಯೋಜನವಿಲ್ಲ ಎಂದಲ್ಲ. ಆದರೆ ನಷ್ಟದ ದೊಡ್ಡ ಪಾಲು ಹುಟ್ಟುವುದು ಬೇಡಿಕೆ ಪಟ್ಟಿ ಬರೆಯುವ ಮೇಜಿನ ಮೇಲೆ. ಅದು ಕಣ್ಣಿಗೆ ಬೀಳುವುದು ಮಿಕ್ಕ ಮಾಲನ್ನು ವಾಪಸ್ ಪಡೆಯುವ ಕೌಂಟರಿನಲ್ಲಿ. ಈ ಎರಡು ತುದಿಗಳನ್ನು ಒಂದಕ್ಕೊಂದು ಜೋಡಿಸದೆ ನಡುವಿನ ಸಾಗಣೆಯನ್ನು ಎಷ್ಟು ಚುರುಕುಗೊಳಿಸಿದರೂ, ಬೇಡದ ಪೆಟ್ಟಿಗೆಗಳು ಇನ್ನಷ್ಟು ಬೇಗ ಹೋಗಿ ಇನ್ನಷ್ಟು ಬೇಗ ಮರಳುತ್ತವೆ, ಅಷ್ಟೆ.

ಸರಪಳಿಯ ಹಾದಿಯನ್ನು ಮೊದಲು ನೋಡೋಣ. ಕಾರ್ಖಾನೆಯಿಂದ ಹೊರಟ ಮದ್ದುಗುಂಡು ಕೇಂದ್ರ ಉಗ್ರಾಣಕ್ಕೆ ಬರುತ್ತದೆ. ಅಲ್ಲಿಂದ ಪ್ರಾದೇಶಿಕ ಉಗ್ರಾಣಕ್ಕೆ, ಅಲ್ಲಿಂದ ತುಕಡಿಯ ಅಥವಾ ರೇಂಜಿನ ಸಣ್ಣ ಮದ್ದಿನ ಕೋಣೆಗೆ, ಕೊನೆಗೆ ಗುಂಡು ಹಾರಿಸುವ ಜಾಗಕ್ಕೆ. ಬೇರೆ ಸರಕಾದರೆ ಕಥೆ ಇಲ್ಲಿಗೆ ಮುಗಿಯುತ್ತದೆ. ಇಲ್ಲಿ ಮಾತ್ರ ಇನ್ನೊಂದು ಹರಿವು ಹಿಮ್ಮುಖವಾಗಿ ಆರಂಭವಾಗುತ್ತದೆ: ಹಾರಿಸದೆ ಉಳಿದ ಗುಂಡುಗಳು, ಸಿಡಿಯದೆ ಹೋದವು, ಖಾಲಿ ಹಿತ್ತಾಳೆ ಕವಚಗಳು, ಲೋಹದ ಡಬ್ಬಿಗಳು, ಮರದ ಪೆಟ್ಟಿಗೆಗಳು. ಇವೆಲ್ಲಕ್ಕೂ ಲೆಕ್ಕ ಒಪ್ಪಿಸಬೇಕು, ಪರಿಶೀಲನೆ ಆಗಬೇಕು, ಸಹಿ ಬೀಳಬೇಕು. ಮುಂದಕ್ಕೆ ಹೋಗುವ ಒಂದು ಪೆಟ್ಟಿಗೆಗೆ ತಗಲುವ ಕೈಕೆಲಸಕ್ಕಿಂತ ಹಿಂದಕ್ಕೆ ಬರುವ ಒಂದು ಬಿಚ್ಚಿದ ಪೆಟ್ಟಿಗೆಗೆ ತಗಲುವ ಕೈಕೆಲಸ ಬಹಳ ಹೆಚ್ಚು. ಬಜೆಟ್ ಪುಸ್ತಕದಲ್ಲಿ ಈ ವೆಚ್ಚಕ್ಕೆ ಪ್ರತ್ಯೇಕ ಸಾಲು ಇರುವುದು ಅಪರೂಪವಾದ್ದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಬೇಡಿಕೆ ಹುಟ್ಟುವ ಬಗೆಯನ್ನು ಅಮೆರಿಕದ ಭೂಸೇನೆಯ ಉದಾಹರಣೆಯಿಂದ ವಿವರಿಸಬಹುದು, ಏಕೆಂದರೆ ಅಲ್ಲಿನ ವ್ಯವಸ್ಥೆ ಸಾಕಷ್ಟು ಬಹಿರಂಗವಾಗಿ ದಾಖಲಾಗಿದೆ. ಯಾವ ಆಯುಧ ಹಿಡಿಯುವ ಸೈನಿಕ ವರ್ಷಕ್ಕೆ ಯಾವ ಬಗೆಯ ಎಷ್ಟು ಗುಂಡು ಹಾರಿಸಿದರೆ ತರಬೇತಿಯ ಮಟ್ಟ ಉಳಿಯುತ್ತದೆ ಎಂಬ ಮಾನದಂಡವನ್ನು ಸ್ಟ್ರ್ಯಾಕ್ ಎಂದು ಕರೆಯಲಾಗುವ ಆಯೋಗ ಗೊತ್ತುಪಡಿಸುತ್ತದೆ. ಆ ಮಾನದಂಡವನ್ನು ಸೈನಿಕರ ಮತ್ತು ಆಯುಧಗಳ ಸಂಖ್ಯೆಗೆ ಗುಣಿಸಿದರೆ ತುಕಡಿಯ ಅರ್ಹ ಪ್ರಮಾಣ ಸಿಗುತ್ತದೆ. ಮುನ್ಸೂಚನೆ, ಹಂಚಿಕೆ ಮತ್ತು ಕೋರಿಕೆಗಳೆಲ್ಲ ಟ್ಯಾಮಿಸ್ ಎಂಬ ಗಣಕ ವ್ಯವಸ್ಥೆಯ ಮೂಲಕ ಸಾಗುತ್ತವೆ. ಇತರ ಸೇನೆಗಳಲ್ಲಿ ಹೆಸರುಗಳು ಬೇರೆ ಇರಬಹುದು, ತರ್ಕ ಹೆಚ್ಚು ಕಡಿಮೆ ಇದೇ.

ಈ ತರ್ಕದಲ್ಲಿ ಮೂರು ಸಂಖ್ಯೆಗಳು ಅಡಗಿವೆ: ತುಕಡಿ ಕೇಳಿದ್ದು, ಉಗ್ರಾಣ ಕೊಟ್ಟಿದ್ದು, ರೇಂಜಿನಲ್ಲಿ ನಿಜಕ್ಕೂ ಹಾರಿಸಿದ್ದು. ಮೊದಲ ಎರಡನ್ನು ಎಲ್ಲ ಕಡೆಯೂ ಎಚ್ಚರಿಕೆಯಿಂದ ಬರೆದಿಡುತ್ತಾರೆ, ಏಕೆಂದರೆ ಅವು ಹಣಕ್ಕೆ ಮತ್ತು ಜವಾಬ್ದಾರಿಗೆ ಸಂಬಂಧಿಸಿದವು. ಮೂರನೆಯದು, ಅಂದರೆ ಯಾವ ದಿನ, ಯಾವ ಅಭ್ಯಾಸಕ್ಕೆ, ಎಷ್ಟು ಜನ, ಎಷ್ಟು ಹಾರಿಸಿದರು ಎಂಬುದು, ಕೊಟ್ಟಿದ್ದರಿಂದ ವಾಪಸ್ ಬಂದಿದ್ದನ್ನು ಕಳೆದು ಉಳಿಯುವ ಶೇಷವಾಗಿ ಮಾತ್ರ ಗೊತ್ತಾಗುತ್ತದೆ. ಆ ಶೇಷದಲ್ಲಿ ನಿಜವಾದ ಅಭ್ಯಾಸವೂ ಸೇರಿದೆ, ಸಂಜೆ ಪೆಟ್ಟಿಗೆ ಹಿಂದಿರುಗಿಸುವ ತಾಪತ್ರಯ ಬೇಡವೆಂದು ಗುರಿಯಿಲ್ಲದೆ ಸುಟ್ಟು ಮುಗಿಸಿದ ಗುಂಡುಗಳೂ ಸೇರಿವೆ. ಮುಂದಿನ ವರ್ಷದ ಮುನ್ಸೂಚನೆಗೆ ಆಧಾರವಾಗುವುದು ಇದೇ ಕಲಬೆರಕೆ ಸಂಖ್ಯೆ.

ತುಕಡಿಗಳು ಬೇಕಾದ್ದಕ್ಕಿಂತ ಹೆಚ್ಚು ಕೇಳುವುದು ದುರಾಸೆಯಿಂದಲ್ಲ, ಅನುಭವದಿಂದ. ಒಮ್ಮೆ ಕೇಳಿದ್ದಕ್ಕಿಂತ ಕಡಿಮೆ ಬಂದು ಅಭ್ಯಾಸ ಅರ್ಧಕ್ಕೆ ನಿಂತರೆ, ಮುಂದಿನ ಸಲ ಇಂಡೆಂಟ್, ಅಂದರೆ ಬೇಡಿಕೆ ಪಟ್ಟಿ, ಬರೆಯುವವರು ನೂರಕ್ಕೆ ಹತ್ತೋ ಹದಿನೈದೋ ಸೇರಿಸಿಯೇ ಬರೆಯುತ್ತಾರೆ. ಪ್ರಾದೇಶಿಕ ಉಗ್ರಾಣದವರು ತಮ್ಮ ಸುರಕ್ಷತೆಗೆ ಇನ್ನಷ್ಟು ಸೇರಿಸುತ್ತಾರೆ, ಕೇಂದ್ರದವರು ಮತ್ತಷ್ಟು. ತುದಿಯಲ್ಲಿ ಆದ ಸಣ್ಣ ಏರುಪೇರು ಮೇಲಕ್ಕೆ ಹೋಗುತ್ತ ಹೋಗುತ್ತ ಉಬ್ಬಿ, ಕಾರ್ಖಾನೆಯ ಬಾಗಿಲಲ್ಲಿ ದೊಡ್ಡ ಅಲೆಯಾಗಿ ಬಡಿಯುವ ಈ ವಿದ್ಯಮಾನವನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೇ ಫಾರೆಸ್ಟರ್ 1950ರ ದಶಕದ ಕೊನೆಯಲ್ಲೇ ಕೈಗಾರಿಕಾ ಸರಕುಗಳ ವಿಷಯದಲ್ಲಿ ವಿಶ್ಲೇಷಿಸಿದ್ದರು. ಚಾಟಿಯ ಹಿಡಿ ತುಸು ಅಲುಗಿದರೆ ತುದಿ ಜೋರಾಗಿ ಬೀಸುವುದರಿಂದ ಅದಕ್ಕೆ ಆಮೇಲೆ ಚಾಟಿ ಪರಿಣಾಮ ಎಂಬ ಹೆಸರು ನಿಂತಿತು. ಮದ್ದುಗುಂಡಿನಲ್ಲಿ ಇದರ ಪೆಟ್ಟು ಇನ್ನೂ ಬಲವಾದದ್ದು, ಏಕೆಂದರೆ ಬೇಡಿಕೆ ಸಲ್ಲಿಸುವುದಕ್ಕೂ ಮಾಲು ಕೈಸೇರುವುದಕ್ಕೂ ನಡುವಿನ ಅವಧಿ ತಿಂಗಳುಗಳಲ್ಲಿ, ಕೆಲವು ಬಗೆಗಳಿಗೆ ವರ್ಷಗಳಲ್ಲಿ ಇರುತ್ತದೆ. ಅವಧಿ ಉದ್ದವಾದಷ್ಟೂ ಊಹೆ ಹೆಚ್ಚು, ಊಹೆ ಹೆಚ್ಚಾದಷ್ಟೂ ಮೇಲೆ ಸೇರಿಸುವ ಮೊತ್ತ ಹೆಚ್ಚು.

ಇನ್ನು ಪೆಟ್ಟಿಗೆಯೊಳಕ್ಕೇ ಇಣುಕೋಣ, ಏಕೆಂದರೆ ಸೋರಿಕೆ ಬರಿಗಣ್ಣಿಗೆ ಕಾಣುವುದು ಅಲ್ಲೇ. ಅಮೆರಿಕದ 5.56 ಮಿ.ಮೀ. ರೈಫಲ್ ಗುಂಡುಗಳು ಕ್ಲಿಪ್‌ಗಳಲ್ಲಿ ಜೋಡಿಸಿದ ರೂಪದಲ್ಲಿ ಬರುವಾಗ ಒಂದು ಲೋಹದ ಡಬ್ಬಿಯಲ್ಲಿ 840 ಇರುತ್ತವೆ; ಅಂಥ ಎರಡು ಡಬ್ಬಿ ಒಂದು ಮರದ ಪೆಟ್ಟಿಗೆಯಲ್ಲಿ ಕೂರುತ್ತವೆ. ಈಗ 120 ಸೈನಿಕರ ಒಂದು ದಳಕ್ಕೆ ತಲೆಗೆ 40 ಗುಂಡಿನ ಅಭ್ಯಾಸ ಇದೆ ಎಂದುಕೊಳ್ಳಿ. ಬೇಕಾದದ್ದು 4,800. ಐದು ಡಬ್ಬಿಯಲ್ಲಿ 4,200 ಮಾತ್ರ ಇರುವುದರಿಂದ ಆರು ಡಬ್ಬಿ, ಅಂದರೆ 5,040 ಪಡೆಯಬೇಕು. ಎಲ್ಲವೂ ಯೋಜನೆಯಂತೆ ನಡೆದರೂ 240 ಗುಂಡು ಬಿಡಿಯಾಗಿ ಉಳಿಯುತ್ತವೆ. ಆ ದಿನ ರಜೆ, ಅನಾರೋಗ್ಯ, ಬೇರೆ ಕರ್ತವ್ಯ ಎಂದು 18 ಜನ ಬರಲಿಲ್ಲ ಎನ್ನಿ. ಹಾರಿಸಿದ್ದು 4,080. ಬೆಳಿಗ್ಗೆಯೇ ಸಮಯ ಉಳಿಸಲೆಂದು ಆರೂ ಡಬ್ಬಿಗಳ ಸೀಲ್ ಒಡೆದು ಗುಂಡುಗಳನ್ನು ಮ್ಯಾಗಜೀನ್‌ಗಳಿಗೆ ತುಂಬಿಟ್ಟಿದ್ದರೆ, ಸಂಜೆ 960 ಬಿಡಿ ಗುಂಡುಗಳು ವಾಪಸ್ ಹೋಗಬೇಕು. ಅದೇ, ಸರದಿ ಬಂದಂತೆ ಒಂದೊಂದೇ ಡಬ್ಬಿ ತೆರೆದಿದ್ದರೆ ಆರನೆಯದು ಸೀಲ್ ಸಹಿತ ಹಾಗೇ ಉಳಿಯುತ್ತಿತ್ತು; ಬಿಡಿಯಾಗಿ ಉಳಿಯುತ್ತಿದ್ದುದು ಕೇವಲ 120.

ಸೀಲ್ ಇರುವ ಡಬ್ಬಿಗೂ ಇಲ್ಲದ ಡಬ್ಬಿಗೂ ಇರುವ ವ್ಯತ್ಯಾಸ ಹೊರಗಿನವರಿಗೆ ಕ್ಷುಲ್ಲಕ ಅನ್ನಿಸಬಹುದು. ಉಗ್ರಾಣದವರಿಗೆ ಅದೇ ಎಲ್ಲ. ಸೀಲ್ ಇದ್ದರೆ ಹೊರಗಿನ ಗುರುತು ನೋಡಿ, ಡಬ್ಬಿ ಜಜ್ಜಿಲ್ಲವೆಂದು ಖಾತ್ರಿ ಮಾಡಿಕೊಂಡು ಅದನ್ನು ಮತ್ತೆ ಕಪಾಟಿಗೆ ಸೇರಿಸಬಹುದು. ಸೀಲ್ ಇಲ್ಲದಿದ್ದರೆ ಪ್ರತಿ ಗುಂಡನ್ನೂ ಹೊರತೆಗೆದು ತುಕ್ಕು, ಜಜ್ಜು, ಸಡಿಲ ತುದಿ, ಒತ್ತಿಹೋದ ಪ್ರೈಮರ್ (ಗುಂಡಿನ ಬುಡದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಭಾಗ) ಇದೆಯೇ ಎಂದು ತರಬೇತಾದ ಪರಿಶೀಲಕರು ನೋಡಬೇಕು. ಯಾವ ತಯಾರಿಕಾ ಗುಂಪಿನದು ಎಂದು ತಿಳಿಸುವ ಲಾಟ್ ಸಂಖ್ಯೆ ಖಚಿತಪಡಿಸಿಕೊಳ್ಳಬೇಕು. ಮರುಪ್ಯಾಕ್ ಮಾಡಿ ಹೊಸ ಗುರುತು ಬರೆಯಬೇಕು. ಹೀಗೆ ಮರಳಿದ ಗುಂಡನ್ನು ಬಹಳ ಸಲ ಯುದ್ಧದ ಮೀಸಲಿಗೆ ಸೇರಿಸದೆ ತರಬೇತಿಗೆ ಮಾತ್ರ ಎಂದು ವರ್ಗೀಕರಿಸಿ ಇಡುತ್ತಾರೆ. ಪರಿಶೀಲಕರ ಸಂಖ್ಯೆ ಎಲ್ಲೆಲ್ಲೂ ಕಡಿಮೆಯೇ. ಹಾಗಾಗಿ ಬಿಡಿ ಗುಂಡಿನ ರಾಶಿ ಉಗ್ರಾಣದ ಮೂಲೆಯಲ್ಲಿ ತನ್ನ ಸರದಿ ಕಾಯುತ್ತ ಕೂರುತ್ತದೆ. ಪುಸ್ತಕದಲ್ಲಿ ಅದು ದಾಸ್ತಾನು, ವಾಸ್ತವದಲ್ಲಿ ಯಾರಿಗೂ ಕೊಡಲಾಗದ ಮಾಲು.

ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಒಂದು ಉಪಾಯ ಹೊಳೆಯುತ್ತದೆ. ಇಪ್ಪತ್ತು ಜನರ ಒಂದು ಸರದಿಗೆ ತಲೆಗೆ 42 ಗುಂಡು ಎಂದಿಟ್ಟರೆ ಸರಿಯಾಗಿ 840 ಆಗುತ್ತದೆ, ಅಂದರೆ ಸರದಿಗೊಂದು ಡಬ್ಬಿ. ಹೆಚ್ಚುವರಿ ಎರಡೆರಡು ಗುಂಡು ವ್ಯರ್ಥವಲ್ಲವೇ ಎಂದು ಯಾರಾದರೂ ಕೇಳಬಹುದು. 240 ಗುಂಡುಗಳನ್ನು ಪರಿಶೀಲಿಸಿ, ಮರುಪ್ಯಾಕ್ ಮಾಡಿ, ಕೆಳದರ್ಜೆಗೆ ಇಳಿಸಿ ಇಡುವ ಖರ್ಚನ್ನು ಪಕ್ಕದಲ್ಲಿಟ್ಟು ನೋಡಿದರೆ, ಅವನ್ನು ಗುರಿಯಿಟ್ಟು ಹಾರಿಸಿ ಸೈನಿಕರ ಕೌಶಲವನ್ನು ತುಸು ಹೆಚ್ಚಿಸಿಕೊಳ್ಳುವುದೇ ಅಗ್ಗ ಎಂಬುದು ನನ್ನ ಅಭಿಪ್ರಾಯ. ಆದರೆ ಪಾಠಕ್ರಮ ಡಬ್ಬಿಯ ಗಾತ್ರಕ್ಕೆ ಅಡಿಯಾಳಾಗಬಾರದು ಎಂಬ ತರಬೇತುದಾರರ ಆಕ್ಷೇಪದಲ್ಲೂ ಹುರುಳಿದೆ. ಇದಕ್ಕೆ ಮಧ್ಯಮಾರ್ಗವೆಂದರೆ ತರಬೇತಿಗೆಂದೇ ಹೊರಡುವ ಗುಂಡುಗಳನ್ನು ಇನ್ನೂ ಸಣ್ಣ ಸೀಲ್ ಪೊಟ್ಟಣಗಳಲ್ಲಿ ಕಟ್ಟುವುದು. ಕಾರ್ಖಾನೆಯಲ್ಲಿ ಪೊಟ್ಟಣಕ್ಕೆ ತುಸು ಹೆಚ್ಚು ಖರ್ಚಾದೀತು, ರೇಂಜಿನ ಸಂಜೆಯ ಕೆಲಸ ಮಾತ್ರ ಗಣನೀಯವಾಗಿ ಇಳಿಯುತ್ತದೆ.

ಲಾಟ್ ಸಂಖ್ಯೆಯ ಪ್ರಸ್ತಾಪ ಬಂತು. ಅದಕ್ಕೆ ಇಷ್ಟು ಮಹತ್ವ ಏಕೆ ಎಂಬುದನ್ನು ಹೇಳಬೇಕು. ಒಂದೇ ಬಗೆಯ ಕಚ್ಚಾವಸ್ತುವಿನಿಂದ, ಒಂದೇ ಪರಿಸ್ಥಿತಿಯಲ್ಲಿ ತಯಾರಾದ ಗುಂಡುಗಳ ಗುಂಪೇ ಲಾಟ್. ಯಾವುದೋ ರೇಂಜಿನಲ್ಲಿ ಒಂದು ಗುಂಡು ಅಪಾಯಕಾರಿಯಾಗಿ ವರ್ತಿಸಿದರೆ ಅದರ ಇಡೀ ಲಾಟನ್ನು ಎಲ್ಲೆಡೆ ತಡೆಹಿಡಿಯಬೇಕಾಗುತ್ತದೆ. ಯಾವ ಲಾಟ್ ಯಾರ ಬಳಿ ಎಷ್ಟಿದೆ ಎಂಬುದು ಗೊತ್ತಿದ್ದರೆ ತಡೆ ಅಷ್ಟಕ್ಕೇ ಸೀಮಿತ; ಬಿಡಿ ಗುಂಡುಗಳು ಕಲೆತು ಲಾಟ್ ಗುರುತು ಕಳೆದುಹೋಗಿದ್ದರೆ ಸಂಶಯಕ್ಕೆ ಸಿಕ್ಕಿದ್ದನ್ನೆಲ್ಲ ಬದಿಗಿಡಬೇಕು. ಫಿರಂಗಿಯಲ್ಲಿ ಇನ್ನೊಂದು ಕಾರಣವೂ ಇದೆ. ಮದ್ದಿನ ಲಾಟ್ ಬದಲಾದರೆ ಶೆಲ್ ಕೊಳವೆಯಿಂದ ಹೊರಬೀಳುವ ವೇಗ ತುಸು ಬದಲಾಗುತ್ತದೆ, ಹಲವು ಕಿಲೋಮೀಟರ್ ದೂರದಲ್ಲಿ ಅದು ಬೀಳುವ ಜಾಗವೂ ಬದಲಾಗುತ್ತದೆ. ಒಂದೇ ಅಭ್ಯಾಸಕ್ಕೆ ನಾಲ್ಕು ಲಾಟ್‌ಗಳ ಚೂರುಪಾರು ಕಳುಹಿಸಿದ ಉಗ್ರಾಣ ತನ್ನ ಕಪಾಟನ್ನು ಚೊಕ್ಕ ಮಾಡಿಕೊಂಡಿರಬಹುದು. ಫಿರಂಗಿ ದಳದ ಅರ್ಧ ದಿನವನ್ನಂತೂ ಹಾಳುಮಾಡಿರುತ್ತದೆ.

ಬಿಸಿಲಿನ ವಿಷಯವೂ ಇಲ್ಲಿಗೇ ಸೇರುತ್ತದೆ. ನೈಟ್ರೋಸೆಲ್ಯುಲೋಸ್ ಆಧಾರಿತ ಮದ್ದು ತಾನಾಗಿಯೇ ನಿಧಾನವಾಗಿ ವಿಘಟನೆಯಾಗುತ್ತಿರುತ್ತದೆ. ಆಗ ಹೊರಬರುವ ಸಾರಜನಕದ ಆಕ್ಸೈಡುಗಳು ವಿಘಟನೆಯನ್ನು ಮತ್ತಷ್ಟು ಪ್ರಚೋದಿಸುತ್ತವೆ. ಅವನ್ನು ಹೀರಿಕೊಳ್ಳಲೆಂದು ಡೈಫಿನೈಲಮೀನ್‌ನಂಥ ಸ್ಥಿರಕಾರಿಗಳನ್ನು ಸೇರಿಸಿರುತ್ತಾರೆ. ಸ್ಥಿರಕಾರಿ ಮುಗಿಯುತ್ತ ಬಂದಂತೆ ಮದ್ದಿನ ಆಯುಸ್ಸೂ ಮುಗಿಯುತ್ತ ಬರುತ್ತದೆ; ತೀರ ಬರಿದಾದರೆ ದಾಸ್ತಾನು ತನ್ನಷ್ಟಕ್ಕೇ ಬಿಸಿಯೇರಿ ಹೊತ್ತಿಕೊಳ್ಳುವ ಅಪಾಯವೂ ಇದೆ. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಕ್ರಿಯೆಯ ವೇಗ ಸ್ಥೂಲವಾಗಿ ಎರಡುಪಟ್ಟೋ ಅದಕ್ಕಿಂತ ಹೆಚ್ಚೋ ಆಗುತ್ತದೆ. ಹೀಗಾಗಿ ರೇಂಜಿನ ಬಯಲಿನಲ್ಲಿ ಟಾರ್ಪಾಲಿನ ಕೆಳಗೆ ಹಲವು ದಿನ ಕಾದು ಮರಳಿದ ಪೆಟ್ಟಿಗೆ, ಹೋದಾಗಿನ ಪೆಟ್ಟಿಗೆಯಾಗಿ ಉಳಿದಿರುವುದಿಲ್ಲ. ಅನಗತ್ಯವಾಗಿ ಹೋಗಿಬರುವ ಪ್ರತಿ ಸುತ್ತೂ ಮದ್ದಿನ ಆಯುಸ್ಸನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತದೆ.

ಹಾಗಾದರೆ ರೇಂಜಿನ ಪಕ್ಕದಲ್ಲೇ ದೊಡ್ಡ ಉಗ್ರಾಣ ಕಟ್ಟಿಬಿಟ್ಟರೆ ಆಗದೇ ಎಂಬ ಪ್ರಶ್ನೆ ಸಹಜ. ಸುರಕ್ಷತೆಯ ಗಣಿತ ಅಡ್ಡ ಬರುತ್ತದೆ. ವಿಶ್ವಸಂಸ್ಥೆಯ ವರ್ಗೀಕರಣದ ಪ್ರಕಾರ ಸ್ಫೋಟಕಗಳು 1ನೇ ವರ್ಗಕ್ಕೆ ಸೇರುತ್ತವೆ, ಅದರೊಳಗೆ 1.1ರಿಂದ 1.6ರವರೆಗೆ ವಿಭಾಗಗಳಿವೆ. 1.1 ಎಂದರೆ ಇಡೀ ರಾಶಿ ಒಮ್ಮೆಲೇ ಸ್ಫೋಟಿಸಬಲ್ಲದ್ದು, 1.2ರಲ್ಲಿ ಚೂರುಗಳು ಸಿಡಿಯುವ ಅಪಾಯ, 1.3ರಲ್ಲಿ ಬೆಂಕಿಯ ಅಪಾಯ ಮುಖ್ಯ. ರೈಫಲ್ ಗುಂಡುಗಳು ಸಾಮಾನ್ಯವಾಗಿ ಅಪಾಯ ಕಡಿಮೆ ಇರುವ 1.4ರಲ್ಲಿ ಬರುತ್ತವೆ. ಒಟ್ಟಿಗೆ ಸ್ಫೋಟಿಸುವ ಸಾಮಗ್ರಿಗೆ ಜನವಸತಿಯಿಂದ ಇರಬೇಕಾದ ಅಂತರ ಸ್ಫೋಟಕದ ತೂಕದ ಘನಮೂಲಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ತೂಕ ಎಂಟುಪಟ್ಟಾದರೆ ಅಂತರ ಎರಡುಪಟ್ಟಾದರೆ ಸಾಕು ಎಂಬುದು ಕೇಳಲು ಹಿತವಾಗಿದೆ. ಅದನ್ನೇ ತಿರುಗಿಸಿ ಓದಿ: ಉಗ್ರಾಣಕ್ಕೆ ಮೊದಲಿದ್ದ ಅಂತರದ ಅರ್ಧ ದೂರದಲ್ಲಿ ಯಾರಾದರೂ ಹೊಸ ಕಟ್ಟಡ ಎಬ್ಬಿಸಿದರೆ, ಅಲ್ಲಿ ಇಡಬಹುದಾದ ಪ್ರಮಾಣ ಎಂಟನೇ ಒಂದಕ್ಕೆ ಕುಸಿಯುತ್ತದೆ. ಸೇನಾ ನೆಲೆಗಳ ಸುತ್ತ ವಸತಿ ಬೆಳೆಯುತ್ತ ಬಂದಂತೆ ಎಷ್ಟೋ ಕಡೆ ಉಗ್ರಾಣದ ಗೋಡೆಗಳು ಹಾಗೇ ಇದ್ದೂ ಅವುಗಳ ಸಾಮರ್ಥ್ಯ ಕಾಗದದ ಮೇಲೆ ಕರಗಿಹೋಗುವುದು ಇದರಿಂದಲೇ. ನೆಲೆಯ ಕಟ್ಟಡ ಯೋಜನೆ ಮಾಡುವವರೂ ಮದ್ದುಗುಂಡಿನ ಪೂರೈಕೆ ಯೋಜಿಸುವವರೂ ಒಂದೇ ನಕ್ಷೆಯ ಮುಂದೆ ಕೂರದಿದ್ದರೆ, ಬೇರೆ ಯಾವ ಸುಧಾರಣೆಯೂ ಕಳೆದುಕೊಂಡ ಆ ಜಾಗವನ್ನು ಮರಳಿ ತಂದುಕೊಡಲಾರದು.

ಇದರಿಂದ ಹೊರಡುವ ಕ್ರಮ ಸರಳವಾದದ್ದು. ಅಪಾಯ ಕಡಿಮೆ ಇರುವ, ದಿನಬಳಕೆಯ 1.4 ವಿಭಾಗದ ಗುಂಡುಗಳನ್ನು ರೇಂಜಿನ ಹತ್ತಿರವೇ ಧಾರಾಳವಾಗಿ ಇಡಬೇಕು; 1.1 ವಿಭಾಗದ್ದನ್ನು ಅಭ್ಯಾಸದ ದಿನಕ್ಕೆ ಬೇಕಾದಷ್ಟೇ ತರಿಸಬೇಕು. ಎರಡನ್ನೂ ಒಂದೇ ಕಾಲಪಟ್ಟಿಯಲ್ಲಿ, ಒಂದೇ ನಮೂನೆಯ ಕಡತದಲ್ಲಿ ಸಾಗಿಸುವ ಅಭ್ಯಾಸವಿರುವಲ್ಲಿ ರೈಫಲ್ ಗುಂಡಿಗೂ ಶೆಲ್ಲಿನಷ್ಟೇ ಕಾಯಬೇಕಾಗುತ್ತದೆ.

ಮೀಸಲು ದಾಸ್ತಾನು ಯಾರ ಬಳಿ ಇರಬೇಕು ಎಂಬುದು ಮುಂದಿನ ಪ್ರಶ್ನೆ. ಹದಿನಾರು ತುಕಡಿಗಳಿವೆ, ಪ್ರತಿಯೊಂದೂ ತನ್ನ ಬೇಡಿಕೆಯ ಏರುಪೇರಿಗೆಂದು 1,000 ಗುಂಡು ಹೆಚ್ಚುವರಿ ಇಟ್ಟುಕೊಳ್ಳುತ್ತದೆ ಎಂದುಕೊಳ್ಳಿ, ಒಟ್ಟು 16,000. ತುಕಡಿಗಳ ಏರುಪೇರು ಪರಸ್ಪರ ಸಂಬಂಧವಿಲ್ಲದ್ದಾದರೆ, ಒಂದರ ಹೆಚ್ಚು ಇನ್ನೊಂದರ ಕಡಿಮೆಯಲ್ಲಿ ಸರಿಹೋಗುವುದರಿಂದ, ಅದೇ ಮಟ್ಟದ ಭದ್ರತೆಗೆ ಒಂದು ಸಾಮಾನ್ಯ ಮೀಸಲಿನಲ್ಲಿ ಒಂದು ತುಕಡಿಯ ಮೀಸಲಿನ ಹದಿನಾರರ ವರ್ಗಮೂಲದಷ್ಟು ಪಟ್ಟು, ಅಂದರೆ ನಾಲ್ಕು ಪಟ್ಟು, 4,000 ಸಾಕು. ಸಂಖ್ಯಾಶಾಸ್ತ್ರದ ಈ ಲಾಭ ನಿಜವಾದದ್ದೇ. ಆದರೆ ಕಾಳ್ಗಿಚ್ಚಿನ ಭಯದಿಂದ ಒಂದು ಪ್ರದೇಶದ ರೇಂಜ್‌ಗಳೆಲ್ಲ ಏಕಕಾಲಕ್ಕೆ ಮುಚ್ಚಿದರೆ, ಅಥವಾ ತರಬೇತಿ ವರ್ಷದ ಕೊನೆಗೆ ಎಲ್ಲರೂ ಒಟ್ಟಿಗೆ ಮುಗಿಬಿದ್ದರೆ, ಏರುಪೇರುಗಳು ಪರಸ್ಪರ ಸಂಬಂಧವಿಲ್ಲದವು ಎಂಬ ಊಹೆಯೇ ಬಿದ್ದುಹೋಗುತ್ತದೆ. ಸಾಮಾನ್ಯ ಮೀಸಲಿನ ಗಾತ್ರ ನಿಗದಿಪಡಿಸುವವರು ಸರಾಸರಿ ತಿಂಗಳನ್ನು ನೋಡಿದರೆ ಸಾಲದು, ಅತಿ ದಟ್ಟಣೆಯ ತಿಂಗಳನ್ನೂ ನೋಡಬೇಕು. ಜೊತೆಗೆ, ಕೇಳಿದಾಗ ಆ ಮೀಸಲಿನಿಂದ ಬೇಗ ಸಿಗುತ್ತದೆ ಎಂಬ ನಂಬಿಕೆ ತುಕಡಿಗಳಿಗೆ ಹುಟ್ಟದಿದ್ದರೆ ಅವು ತಮ್ಮ ಗುಪ್ತ ಮೀಸಲನ್ನು ಬಿಟ್ಟುಕೊಡುವುದಿಲ್ಲ. ಆಗ 16,000ದ ಮೇಲೆ ಇನ್ನೂ 4,000 ಸೇರಿದಂತಾಗುತ್ತದೆ.

ವರ್ಷದ ಕೊನೆಯ ನೂಕುನುಗ್ಗಲು ಆಡಳಿತವೇ ಸೃಷ್ಟಿಸಿದ ಸಮಸ್ಯೆ. ಈ ವರ್ಷ ಬಳಸದ ಹಂಚಿಕೆ ರದ್ದಾಗುತ್ತದೆ, ಅಷ್ಟೇ ಅಲ್ಲದೆ ಮುಂದಿನ ವರ್ಷದ ಹಂಚಿಕೆಯೂ ಅಷ್ಟು ಕಡಿಮೆಯಾಗುತ್ತದೆ ಎಂಬ ನಿಯಮವಿದ್ದರೆ, ಯಾವ ಜಾಣ ಅಧಿಕಾರಿಯೂ ಗುಂಡು ಉಳಿಸುವುದಿಲ್ಲ. ನೂರಕ್ಕೆ ನೂರು ಬಳಕೆ ಎಂದು ವರದಿ ಕೊಡುವ ತುಕಡಿಯನ್ನು ಹೊಗಳುವ ಬದಲು, ಅದು ಕೊನೆಯ ತಿಂಗಳು ಹಾರಿಸಿದ್ದರಲ್ಲಿ ಎಷ್ಟು ಗುಂಡುಗಳು, ಅಂಕ ದಾಖಲಿಸುವ ಗುರಿಗಳಿಗೆ ಹೋದವು ಎಂದು ಕೇಳಬೇಕು. ಮುಂಚಿತವಾಗಿ, ಉದಾಹರಣೆಗೆ ಎರಡು ತಿಂಗಳು ಮೊದಲೇ, ತನಗೆ ಬೇಡವಾದದ್ದನ್ನು ಬಿಟ್ಟುಕೊಟ್ಟ ತುಕಡಿಗೆ ಮುಂದಿನ ವರ್ಷ ಕಡಿತವಿಲ್ಲ ಎಂಬ ಭರವಸೆ ಕೊಟ್ಟರೆ, ಅದೇ ಗುಂಡು ಕೊರತೆಯಿರುವ ಇನ್ನೊಂದು ತುಕಡಿಗೆ ಸಕಾಲಕ್ಕೆ ಸಿಗುತ್ತದೆ. ಇದಕ್ಕೆ ಕಾಸು ಖರ್ಚಾಗುವುದಿಲ್ಲ. ನಿಯಮದ ಒಂದು ಸಾಲು ಬದಲಾಗಬೇಕು. ಬಹುಶಃ ಅದಕ್ಕೇ ಅದು ಇಷ್ಟು ಕಷ್ಟ.

ಸಾಗಣೆಯ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಸ್ಫೋಟಕ ಹೊತ್ತ ವಾಹನಕ್ಕೆ ವಿಶೇಷ ತರಬೇತಿಯ ಚಾಲಕರು, ಕಾವಲು, ನಿಗದಿತ ದಾರಿ ಬೇಕಾದ್ದರಿಂದ ಖರ್ಚಿನ ಬಹುಪಾಲು ಪ್ರಯಾಣಕ್ಕೆ ಬೀಳುತ್ತದೆಯೇ ಹೊರತು ತೂಕಕ್ಕಲ್ಲ. ಅರ್ಧ ತುಂಬಿದ ಲಾರಿಯೂ ಪೂರ್ತಿ ತುಂಬಿದ ಲಾರಿಯಷ್ಟೇ ದುಬಾರಿ. ಎಲ್ಲವನ್ನೂ ಒಂದೇ ಲಾರಿಗೆ ಪೇರಿಸುವಂತೆಯೂ ಇಲ್ಲ. ಸಿಡಿಸುವ ಡಿಟೊನೇಟರುಗಳನ್ನೂ ಸಿಡಿಯುವ ಮುಖ್ಯ ಸ್ಫೋಟಕವನ್ನೂ ಬೇರೆ ಬೇರೆ ಇಡಬೇಕೆಂಬ ಹೊಂದಾಣಿಕೆಯ ನಿಯಮಗಳಿವೆ. ಒಂದೇ ರೇಂಜ್ ಸಮುಚ್ಚಯವನ್ನು ಬಳಸುವ ತುಕಡಿಗಳಿಗೆ ವಾರದಲ್ಲಿ ನಿಗದಿತ ಪೂರೈಕೆಯ ದಿನಗಳನ್ನು ಗೊತ್ತುಮಾಡಿ, ಮಾಲು ಇಳಿಸಿದ ಲಾರಿಯಲ್ಲೇ ಹಿಂದಿನ ವಾರದ ಖಾಲಿ ಕವಚ ಮತ್ತು ಪೆಟ್ಟಿಗೆಗಳನ್ನು ತುಂಬಿಸಿ ಕಳುಹಿಸಿದರೆ ಪ್ರಯಾಣಗಳ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ.

ಸರಪಳಿಯ ಮೇಲಿನ ಭಾರವನ್ನು ಇಳಿಸುವ ಇನ್ನೊಂದು ದಾರಿ ಹಾರಿಸುವ ವಸ್ತುವನ್ನೇ ಬದಲಿಸುವುದು. ಎಟಿ4 ಎಂಬ ಭುಜದ ಮೇಲಿನ ಟ್ಯಾಂಕ್‌ನಾಶಕದ ತರಬೇತಿ ರೂಪದಲ್ಲಿ ನಿಜವಾದ ಸಿಡಿತಲೆಯ ಬದಲು ಹಾರುವ ದಾರಿ ಕಾಣುವಂತೆ ಬೆಳಗುವ 9 ಮಿ.ಮೀ. ಟ್ರೇಸರ್ ಗುಂಡು ಹಾರುತ್ತದೆ. ಹೆಗಲಿಗೇರಿಸುವುದು, ಗುರಿ ಹಿಡಿಯುವುದು, ಕ್ರಮ ಪಾಲಿಸುವುದು ಎಲ್ಲವೂ ಅದೇ. ಅಮೆರಿಕದ 120 ಮಿ.ಮೀ. ಟ್ಯಾಂಕ್ ಫಿರಂಗಿಯ ಎಂ865 ಅಭ್ಯಾಸದ ಗುಂಡಿಗೆ ರೆಕ್ಕೆಗಳ ಬದಲು ರಂಧ್ರಗಳಿರುವ ಶಂಕುವಿನಾಕಾರದ ಬಾಲವಿದೆ. ಅಭ್ಯಾಸದ ದೂರದಲ್ಲಿ ಅದು ನಿಜವಾದ ಗುಂಡಿನಂತೆಯೇ ಹಾರುತ್ತದೆ, ಆಮೇಲೆ ಗಾಳಿಯ ಎಳೆತ ಹೆಚ್ಚಾಗಿ ಸುಮಾರು 8 ಕಿ.ಮೀ. ಒಳಗೆ ನೆಲಕ್ಕೆ ಬೀಳುತ್ತದೆ. ಹೀಗಾಗಿ ಸಣ್ಣ ರೇಂಜ್‌ಗಳಲ್ಲೂ ಟ್ಯಾಂಕ್ ಅಭ್ಯಾಸ ಸಾಧ್ಯವಾಗುತ್ತದೆ. ಅಭ್ಯಾಸದ ಕೈಬಾಂಬುಗಳಲ್ಲಿ ಲೋಹದ ಒಡಲನ್ನು ಮತ್ತೆ ಮತ್ತೆ ಬಳಸಿ ಫ್ಯೂಜ್ ಮಾತ್ರ ಬದಲಿಸುವ ಬಗೆಗಳಿವೆ. ಲೇಸರ್ ಉಪಕರಣಗಳು, ಪರದೆಯ ಮುಂದಿನ ಸಿಮ್ಯುಲೇಟರುಗಳು ಪ್ರಾಥಮಿಕ ಹಂತದ ತಪ್ಪುಗಳನ್ನು ಗುಂಡಿಲ್ಲದೆಯೇ ತಿದ್ದುತ್ತವೆ. ಇವುಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ: ಸಿಮ್ಯುಲೇಟರ್ ಬಂದ ಮಾತ್ರಕ್ಕೆ ಹಂಚಿಕೆಯನ್ನು ಅದೇ ವರ್ಷ ಕತ್ತರಿಸುವುದು ಅವಸರದ ಕೆಲಸ. ಸದ್ದು, ಹಿನ್ನೊದೆತ, ಸಿಡಿಯದ ಗುಂಡನ್ನು ಕೈಯಾರೆ ನಿಭಾಯಿಸುವ ಅಂಜಿಕೆ ಇವನ್ನು ಪರದೆ ಕಲಿಸುವುದಿಲ್ಲ. ಮದ್ದುಗುಂಡನ್ನು ಇಳಿಸಿ, ಎಣಿಸಿ, ಹಂಚುವ ಪೂರೈಕೆ ಸಿಬ್ಬಂದಿಯ ಅಭ್ಯಾಸವೂ ಅದರಿಂದ ಆಗುವುದಿಲ್ಲ.

ಗಣಕೀಕರಣದಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ಬಿಡಿಸಿ ನೋಡಬೇಕು. ಡಬ್ಬಿಯ ಮೇಲೆ ಲಾಟ್ ಸಂಖ್ಯೆ ಸಹಿತ ಬಾರ್‌ಕೋಡ್ ಇದ್ದು, ಉಗ್ರಾಣದಲ್ಲಿ, ರೇಂಜಿನಲ್ಲಿ, ವಾಪಸಾತಿಯಲ್ಲಿ ಮೂರು ಕಡೆ ಸ್ಕ್ಯಾನ್ ಆದರೆ ಮೇಲೆ ಹೇಳಿದ ಮೂರನೇ ಸಂಖ್ಯೆ, ಅಂದರೆ ನಿಜವಾದ ಬಳಕೆ, ಅದೇ ದಿನ ಸಿಗುತ್ತದೆ. ರೇಡಿಯೋ ತರಂಗದಿಂದ ಓದುವ ಆರ್‌ಎಫ್‌ಐಡಿ ಬಿಲ್ಲೆಗಳು ಇನ್ನೂ ವೇಗ. ಆದರೆ ವಿದ್ಯುತ್ತಿನಿಂದ ಸಿಡಿಯುವ ಡಿಟೊನೇಟರುಗಳ ಬಳಿ ರೇಡಿಯೋ ಸಾಧನ ಬಳಸಬೇಕಾದರೆ ಅದರ ಶಕ್ತಿ ಮತ್ತು ಸುರಕ್ಷಿತ ಅಂತರವನ್ನು ಮೊದಲೇ ಪರೀಕ್ಷಿಸಿ ಪ್ರಮಾಣೀಕರಿಸಬೇಕು. ಅಂಗಡಿಯಲ್ಲಿ ನಡೆಯುವ ತಂತ್ರಜ್ಞಾನವನ್ನು ಹಾಗೇ ಎತ್ತಿ ಉಗ್ರಾಣಕ್ಕೆ ತರಲಾಗದು.

ಖಾಲಿ ಕವಚಗಳ ಎಣಿಕೆ ಈ ತೊಡಕಿಗೆ ಒಳ್ಳೆಯ ನಿದರ್ಶನ. ಸಾವಿರಾರು ಕವಚಗಳನ್ನು ಒಂದೊಂದಾಗಿ ಎಣಿಸುವುದು ಅಸಾಧ್ಯವಾದ್ದರಿಂದ ಅವನ್ನು ತೂಗುತ್ತಾರೆ. 5.56 ಮಿ.ಮೀ. ಗುಂಡಿನ ಹಿತ್ತಾಳೆ ಕವಚ ಸುಮಾರು 6 ಗ್ರಾಂ, ಹಾರಿಸದ ಪೂರ್ತಿ ಗುಂಡು ಸುಮಾರು 12 ಗ್ರಾಂ. ಕವಚಗಳ ರಾಶಿಯಲ್ಲಿ ಅಕಸ್ಮಾತ್ ಒಂದು ಜೀವಂತ ಗುಂಡು ಸೇರಿಕೊಂಡರೆ ಅದು ತಕ್ಕಡಿಗೆ ಎರಡು ಕವಚಗಳಂತೆ ಕಾಣುತ್ತದೆ. ಲೆಕ್ಕ ಸರಿಹೋಗುತ್ತದೆ, ಕಾಣೆಯಾದ ಒಂದು ಕವಚವೂ ಮುಚ್ಚಿಹೋಗುತ್ತದೆ, ಜೀವಂತ ಗುಂಡು ಗುಜರಿ ಕುಲುಮೆಯ ಕಡೆಗೆ ಹೊರಡುತ್ತದೆ. ಆದ್ದರಿಂದ ತೂಕದ ಜೊತೆಗೆ ಕಣ್ಣಿನ ಪರಿಶೀಲನೆ ಮತ್ತು ಸ್ಫೋಟಕಮುಕ್ತ ಎಂಬ ಸಹಿ ಕಡ್ಡಾಯ. ಈ ಹಂತವನ್ನು ತ್ವರೆಯ ಹೆಸರಿನಲ್ಲಿ ಕೈಬಿಡುವುದು ದಕ್ಷತೆಯಲ್ಲ. ಇದೇ ಕಾರಣಕ್ಕೆ ಕೆಲವು ಸೇನೆಗಳು ಲೆಕ್ಕಕ್ಕೆ ಸಿಗದ ಗುಂಡುಗಳನ್ನು ಪ್ರಶ್ನೆಯಿಲ್ಲದೆ ಹಾಕಿಹೋಗಬಹುದಾದ ಕ್ಷಮಾ ಪೆಟ್ಟಿಗೆಗಳನ್ನು ಇಡುತ್ತವೆ. ಜೇಬಿನಲ್ಲಿ ಉಳಿದ ಎರಡು ಗುಂಡು ಒಪ್ಪಿಸಲು ಹೋದವರಿಗೆ ಶಿಕ್ಷೆಯಾಗುವಂತಿದ್ದರೆ ಅವು ಒಪ್ಪಿಸಲ್ಪಡುವುದಿಲ್ಲ, ಪೊದೆಗೆ ಬೀಳುತ್ತವೆ.

ಕೊನೆಯದಾಗಿ ಕಾರ್ಖಾನೆ. ಸ್ಫೋಟಕ ತಯಾರಿಸುವ ಘಟಕಗಳು ಯಾವ ದೇಶದಲ್ಲೂ ಬೆರಳೆಣಿಕೆಯಷ್ಟೇ. ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದು ಕಷ್ಟ. ಅಮೆರಿಕದಲ್ಲಿ 1986ರಲ್ಲಿ ನಿಂತ ಟಿಎನ್‌ಟಿ ಸ್ಫೋಟಕದ ಉತ್ಪಾದನೆಗೆ ಹೊಸ ಕಾರ್ಖಾನೆ ಕಟ್ಟುವ ಗುತ್ತಿಗೆ ಆದದ್ದು 2024ರಲ್ಲಿ. ಉಕ್ರೇನ್ ಯುದ್ಧ ಆರಂಭವಾದ 2022ರಲ್ಲಿ ಅಮೆರಿಕ ತಿಂಗಳಿಗೆ ಸುಮಾರು 14,000ದಷ್ಟು 155 ಮಿ.ಮೀ. ಶೆಲ್‌ಗಳನ್ನು ತಯಾರಿಸುತ್ತಿತ್ತು; ಅದನ್ನು 1,00,000ಕ್ಕೆ ಏರಿಸುವ ಗುರಿಯನ್ನು ಆಮೇಲೆ ಇಟ್ಟುಕೊಳ್ಳಲಾಯಿತು. ಇಂಥ ಘಟಕಗಳಿಗೆ ಬೇಕಾದದ್ದು ವರ್ಷದಿಂದ ವರ್ಷಕ್ಕೆ ಹೆಚ್ಚು ಏರಿಳಿಯದ ಬೇಡಿಕೆ, ಅದನ್ನು ಕೊಡಬಲ್ಲದ್ದು ತರಬೇತಿ ಮಾತ್ರ. ಯುದ್ಧದ ಮೀಸಲಿನಲ್ಲಿ ಹಳತಾಗುತ್ತಿರುವ ಲಾಟ್‌ಗಳನ್ನು ತರಬೇತಿಗೆ ಕೊಟ್ಟು, ಅವುಗಳ ಜಾಗಕ್ಕೆ ಹೊಸದನ್ನು ತುಂಬುತ್ತ ಹೋದರೆ ಮೀಸಲು ತಾಜಾ ಆಗಿರುತ್ತದೆ, ಕಾರ್ಖಾನೆಯೂ ನಡೆಯುತ್ತಿರುತ್ತದೆ, ಅವಧಿ ಮೀರಿದ್ದನ್ನು ನಾಶಪಡಿಸುವ ಖರ್ಚೂ ತಪ್ಪುತ್ತದೆ. ಯುದ್ಧ ಅಥವಾ ಮಿತ್ರರಾಷ್ಟ್ರಕ್ಕೆ ನೆರವಿನ ಒತ್ತಡ ಬಂದಾಗ ಮೊದಲು ಕತ್ತರಿ ಬೀಳುವುದು ಮಾತ್ರ ಈ ತರಬೇತಿಯ ಪಾಲಿಗೇ. ಆಗ ಯಾವ ಅಭ್ಯಾಸದಿಂದ ನೂರಕ್ಕೆ ಹತ್ತು ತೆಗೆದರೆ ಏನೂ ಆಗುವುದಿಲ್ಲ, ಯಾವುದರಿಂದ ತೆಗೆದರೆ ದಳದ ಅರ್ಹತೆಯೇ ಕುಸಿಯುತ್ತದೆ ಎಂದು ತೋರಿಸಬಲ್ಲವರು, ಅಭ್ಯಾಸವಾರು ಹಾರಿಸಿದ ಗುಂಡಿನ ನಿಜವಾದ ಲೆಕ್ಕ ಇಟ್ಟವರು ಮಾತ್ರ. ಆ ಲೆಕ್ಕವಿಲ್ಲದ ಕಡೆ ಕಡಿತ ಎಲ್ಲರಿಗೂ ಸಮನಾಗಿ ಬೀಳುತ್ತದೆ. ಬೇಕಾದ್ದಷ್ಟನ್ನೇ ಕೇಳಿದ್ದ ತುಕಡಿ ಅಭ್ಯಾಸ ನಿಲ್ಲಿಸುತ್ತದೆ, ಮೊದಲೇ ಹದಿನೈದು ಸೇರಿಸಿ ಕೇಳಿದ್ದ ತುಕಡಿ ಎಂದಿನಂತೆ ನಡೆಸುತ್ತದೆ.